ಅಡುಗೆಕೋಣೆಯ ತನಕ ತಲುಪದ ವೈಫೈ

ನಮ್ಮ ಮನೆಗಳಲ್ಲಿ ಇಂದು ಅತ್ಯಂತ ಹೆಚ್ಚು ಬೈಗುಳ ತಿನ್ನುವ ವಸ್ತು ಯಾವುದೆಂದು ಕೇಳಿದರೆ, ಚಾವಡಿಯ ಮೂಲೆಯಲ್ಲಿ ದೀಪ ಮಿನುಗಿಸುತ್ತಾ ಕುಳಿತಿರುವ ವೈಫೈ ಪೆಟ್ಟಿಗೆ ಎನ್ನಬೇಕು. ದಮ್ಮಾಮ್‌ನಿಂದ ಬಂದ ವೀಡಿಯೋ ಕರೆ ಮಾತಿನ ನಡುವೆ ನಿಂತು, ಆ ಕಡೆಯವರ ಮುಖ ಅರ್ಧ ಕಣ್ಣು ಮುಚ್ಚಿದ ಸ್ಥಿತಿಯಲ್ಲೇ ಕಲ್ಲಾಗುತ್ತದೆ. ಸ್ಕಾಲರ್‌ಶಿಪ್ ಅರ್ಜಿ ತುಂಬಿ ಕೊನೆಯ ಗುಂಡಿ ಒತ್ತುವಾಗ ಪರದೆಯಲ್ಲಿ ಚಕ್ರ ತಿರುಗಲಾರಂಭಿಸುತ್ತದೆ. “ಉಮ್ಮಾ, ನೆಟ್ ಹೋಯ್ತು” ಎಂಬ ಕೂಗು ಮಹಡಿಯಿಂದ ದಿನಕ್ಕೆ ನಾಲ್ಕು ಸಲ ಕೇಳಿಸುತ್ತದೆ. ಹೆಚ್ಚಿನ ಮನೆಗಳಲ್ಲಿ ಇದಕ್ಕೆಲ್ಲ ಗೊತ್ತಿರುವ ಮದ್ದು ಒಂದೇ. ಕೇಬಲ್‌ನವರಿಗೆ ಫೋನ್ ಮಾಡಿ ದೊಡ್ಡ ಪ್ಲಾನ್‌ಗೆ ಬದಲಾಯಿಸಿಕೊಳ್ಳುವುದು. ಬಿಲ್ ಏರುತ್ತದೆ. ಮಹಡಿಯ ಕೂಗು ಮಾತ್ರ ನಿಲ್ಲುವುದಿಲ್ಲ.

ದೊಡ್ಡ ಪ್ಲಾನ್‌ಗೆ ಹಣ ಸುರಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಆ ಪೆಟ್ಟಿಗೆಯನ್ನು ಅಲ್ಲಿ ಇಟ್ಟವರು ಯಾರು? ಸಂಪರ್ಕ ಕೊಡಲು ಬಂದ ಹುಡುಗ. ಅವನ ತಂತಿ ರಸ್ತೆ ಬದಿಯ ಕಂಬದಿಂದ ಬರುತ್ತದೆ. ಅವನಿಗೆ ತಂತಿ ಉಳಿಯಬೇಕು, ಬೇಗ ಮುಂದಿನ ಮನೆಗೆ ಹೋಗಬೇಕು. ಆದುದರಿಂದ ರಸ್ತೆಗೆ ಅತಿ ಹತ್ತಿರದ ಕೋಣೆಯಲ್ಲಿ, ಟೀವಿಯ ಹಿಂದೆ ಪ್ಲಗ್ ಇರುವಲ್ಲಿ, ಪೆಟ್ಟಿಗೆ ತೂಗು ಹಾಕಿ ಹೋಗುತ್ತಾನೆ. ಅಂದಿನಿಂದ ಅದು ಅಲ್ಲೇ ಇದೆ. ಈಗ ನೋಡಿ, ಅದರ ಕೆಳಗೆ ಸೋಫಾದಲ್ಲಿ ಕುಳಿತವರಿಗೆ ಪೂರ್ಣ ಸಿಗ್ನಲ್. ಅವರು ಹೆಚ್ಚಾಗಿ ಮನೆಯ ಗಂಡಸರು, ಬಂದ ಅತಿಥಿಗಳು. ಅತಿ ದೂರದಲ್ಲಿರುವುದು ಅಡುಗೆಕೋಣೆ, ಹಿಂದಿನ ಮಲಗುವ ಕೋಣೆ ಮತ್ತು ಮಗಳು ಓದುವ ಮಹಡಿಯ ಕೋಣೆ. ದಿನದ ಬಹುಪಾಲು ಹೊತ್ತು ಹೆಂಗಸರೂ ಹೆಣ್ಣುಮಕ್ಕಳೂ ಇರುವುದು ಅಲ್ಲಿಯೇ. ಮನೆಯಲ್ಲಿ ನೆಟ್ ಇದೆ ಎಂಬುದು ಸರಿ, ಆದರೆ ಮನೆಯ ಯಾವ ಭಾಗದಲ್ಲಿದೆ? ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಹಣ ಎಲ್ಲರ ಹೆಸರಿನಲ್ಲಿ ಹೋಗುತ್ತದೆ, ನೆಟ್ ಕೆಲವರಿಗೆ ಮಾತ್ರ ಸಿಗುತ್ತದೆ.

ಇದು ಬರೀ ಮನೋರಂಜನೆಯ ವಿಷಯವೆಂದು ತಳ್ಳಿಹಾಕುವ ಕಾಲ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ಶಾಲೆ, ಮದ್ರಸ ಎರಡೂ ಮೊಬೈಲಿನೊಳಗೆ ಬಂದಾಗ ನಾವೆಲ್ಲರೂ ಅದನ್ನು ಕಂಡೆವು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆ ವಿದ್ಯಾರ್ಥಿನಿಯೊಬ್ಬಳು ಸಿಗ್ನಲ್‌ಗಾಗಿ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿರುವ, ತಂದೆ ಅವಳಿಗೆ ಕೊಡೆ ಹಿಡಿದು ನಿಂತಿರುವ ಚಿತ್ರ ದೇಶವಿಡೀ ಹರಡಿತ್ತು. ಆ ಬಳಿಕ ಹಳ್ಳಿಗಳಿಗೂ ಫೈಬರ್ ತಂತಿ ಬಂದಿದೆ. ಆದರೆ ಎಷ್ಟೋ ಮನೆಗಳಲ್ಲಿ ಹುಡುಗಿ ಇನ್ನೂ ಮೆಟ್ಟಿಲ ಮೇಲೆ, ಬಾಗಿಲ ಬಳಿ, ಚಾವಡಿಯ ಗದ್ದಲದ ನಡುವೆ ಕುಳಿತು ಪಾಠ ಕೇಳುತ್ತಿದ್ದಾಳೆ. ಮನೆಯಿಂದಲೇ ಗಲ್ಫಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕುರ್‌ಆನ್ ಕಲಿಸಿ ನಾಲ್ಕು ಕಾಸು ಸಂಪಾದಿಸುವ ಸಹೋದರಿಯರು ನಮ್ಮ ಊರುಗಳಲ್ಲಿದ್ದಾರೆ. ವಾಟ್ಸಪ್‌ನಲ್ಲಿ ಅಳತೆ ಮತ್ತು ಡಿಸೈನ್ ತರಿಸಿ ಬಟ್ಟೆ ಹೊಲಿಯುವವರಿದ್ದಾರೆ. ಇವರಿಗೆಲ್ಲ ಕರೆ ತುಂಡಾದರೆ ತುಂಡಾಗುವುದು ಸಂಪಾದನೆ.

ಮೊದಲು ರೋಗ ಎಲ್ಲಿದೆ ನೋಡಿ

ಇಂಟರ್ನೆಟ್ ನಮ್ಮ ಮೊಬೈಲಿಗೆ ಬರುವ ದಾರಿಯಲ್ಲಿ ಎರಡು ತುಂಡುಗಳಿವೆ. ಕಂಬದಿಂದ ಪೆಟ್ಟಿಗೆಯ ತನಕ ತಂತಿ. ಪೆಟ್ಟಿಗೆಯಿಂದ ಮೊಬೈಲಿನ ತನಕ ಗಾಳಿ. ಮೊದಲನೆಯದಕ್ಕೆ ಕಂಪೆನಿ ಹೊಣೆ, ಎರಡನೆಯದಕ್ಕೆ ನಾವೇ. ತೊಂದರೆ ಯಾವ ತುಂಡಿನಲ್ಲಿದೆ ಎಂದು ತಿಳಿಯದೆ ಪ್ಲಾನ್ ಬದಲಾಯಿಸುವುದೆಂದರೆ ಹೊಟ್ಟೆನೋವಿಗೆ ಕಣ್ಣಿನ ಮದ್ದು ಹಾಕಿದಂತೆ.

ಪತ್ತೆ ಹಚ್ಚಲು ಯಾವ ಇಂಜಿನಿಯರೂ ಬೇಕಿಲ್ಲ. ಮೊಬೈಲಿನ ಡೇಟಾ ಬಂದ್ ಮಾಡಿ, ವೈಫೈ ಮಾತ್ರ ಇಟ್ಟುಕೊಂಡು, ಪೆಟ್ಟಿಗೆಯಿಂದ ಎರಡು ಮೂರು ಹೆಜ್ಜೆ ದೂರ ನಿಂತು ವೇಗ ಅಳೆಯಿರಿ. ಇದಕ್ಕೆ ಉಚಿತ ಆ್ಯಪ್‌ಗಳಿವೆ. ಫಾಸ್ಟ್ ಡಾಟ್ ಕಾಮ್ ಎಂದು ಬರೆದರೂ ಸಾಕು, ಲೆಕ್ಕ ತೋರಿಸುತ್ತದೆ. ಸಿಕ್ಕಿದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅನಂತರ ಅಡುಗೆಕೋಣೆಗೆ ಹೋಗಿ, ಹಿಂದಿನ ಕೋಣೆಗೆ ಹೋಗಿ, ಮಹಡಿಗೆ ಹತ್ತಿ, ಎಲ್ಲಾ ಕಡೆ ಹಾಗೆಯೇ ಮಾಡಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ. ಅರ್ಧ ಗಂಟೆಯ ಕೆಲಸ. ನಿಮ್ಮದು 40 ಎಂಬಿಪಿಎಸ್ ಪ್ಲಾನ್ ಆಗಿದ್ದು, ಪೆಟ್ಟಿಗೆಯ ಬಳಿ 38 ತೋರಿಸಿ ಅಡುಗೆಕೋಣೆಯಲ್ಲಿ 3 ತೋರಿಸಿದರೆ ತಂತಿ ಚೆನ್ನಾಗಿದೆ ಎಂದರ್ಥ. 300ರ ಪ್ಲಾನ್ ಹಾಕಿದರೂ ಅಡುಗೆಕೋಣೆಗೆ ಸಿಗುವುದು ಹೆಚ್ಚು ಕಡಿಮೆ ಆ 3 ಮಾತ್ರ. ಪೆಟ್ಟಿಗೆಯ ಪಕ್ಕದಲ್ಲೇ 5 ತೋರಿಸಿದರೆ ಆಗ ಕಂಪೆನಿಯವರನ್ನು ಕರೆಯಬೇಕು. ಮಧ್ಯಾಹ್ನ ಸರಿಯಿದ್ದು ರಾತ್ರಿ ಮಾತ್ರ ಕುಸಿದರೆ ಕಂಪೆನಿಯವರು ಒಂದೇ ಹಾದಿಯಲ್ಲಿ ಹೆಚ್ಚು ಮನೆಗಳನ್ನು ತುಂಬಿಸಿರುವ ಸಾಧ್ಯತೆ ಇದೆ. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಪ್ಲಾನ್‌ನಲ್ಲಿ ಇಷ್ಟು ಜಿಬಿ ಎಂದು ಮಿತಿ ಇದೆಯೇ ನೋಡಿ. ಅದು ಮುಗಿದ ಮೇಲೆ ಕಂಪೆನಿ ತಾನಾಗಿಯೇ ವೇಗ ಇಳಿಸುತ್ತದೆ.

ಇಲ್ಲಿ ಒಂದು ಲೆಕ್ಕದ ಗೊಂದಲ ಬಿಡಿಸಿಕೊಳ್ಳಬೇಕು. ಪ್ಲಾನ್‌ನಲ್ಲಿ ಹೇಳುವ ‘ಎಂಬಿ’ ಎಂದರೆ ಮೆಗಾಬಿಟ್. ಮೊಬೈಲಿನಲ್ಲಿ ಫೋಟೋ, ವೀಡಿಯೋಗಳ ಗಾತ್ರ ತೋರಿಸುವ ಎಂಬಿ ಎಂದರೆ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದುದರಿಂದ 40ರ ಪ್ಲಾನ್‌ನಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಇಳಿದರೆ ಅದು ಸರಿಯಾದ ಲೆಕ್ಕವೇ. ನಮಗೆ ಮೋಸವಾಯಿತೆಂದು ಜಗಳಕ್ಕೆ ಹೋಗಬೇಕಿಲ್ಲ.

ಎಷ್ಟು ಬೇಕು ಎಂಬುದೂ ತಿಳಿದಿರಲಿ. ಬಿಎಸ್ಸೆನ್ನೆಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಸರಕಾರದ ವ್ಯಾಖ್ಯೆಯಂತೆ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2023ರಲ್ಲಿ ಆ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು, ಅಂದರೆ ಸುಮಾರು ಎಂಟು ಪಟ್ಟು. ಇಂದಿನ ಫೈಬರ್ ಪ್ಲಾನ್‌ಗಳು ಅದಕ್ಕಿಂತ ಎಷ್ಟೋ ಮೇಲಿವೆ. ವೀಡಿಯೋ ಕರೆಯೊಂದಕ್ಕೆ ಎರಡೂ ದಿಕ್ಕಿನಲ್ಲಿ 1ರಿಂದ 4 ಎಂಬಿಪಿಎಸ್ ಸಾಕು. ಸ್ಪಷ್ಟವಾದ ಪಾಠದ ವೀಡಿಯೋಗೆ 5 ಇದ್ದರೆ ಧಾರಾಳ. ದೊಡ್ಡ ಟೀವಿಯಲ್ಲಿ ‘4ಕೆ’ ನೋಡುವವರಿಗೆ 15ರಷ್ಟು ಬೇಕು. ಕೂಡಿಸಿ ನೋಡಿದರೆ ಐದಾರು ಜನರ ಮನೆಗೆ 40, 50ರ ಪ್ಲಾನ್ ಕಡಿಮೆಯಲ್ಲ. ನೂರಿನ್ನೂರರ ಪ್ಲಾನ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂರುವುದಕ್ಕಿಂತ 40ರ ಪ್ಲಾನ್ ಇಟ್ಟುಕೊಂಡು ಎಲ್ಲಾ ಕೋಣೆಗೆ ತಲುಪಿಸುವುದೇ ಲಾಭ.

ಅಂದಹಾಗೆ, ಕರೆಯಲ್ಲಿ ನಮ್ಮ ಮುಖ ಅತ್ತ ಕಡೆಯವರಿಗೆ ಕಾಣುವುದು ಅಪ್‌ಲೋಡ್ ವೇಗದಿಂದ. ಡೌನ್‌ಲೋಡ್ ಚೆನ್ನಾಗಿದ್ದೂ ‘ನೀನು ಕಾಣಿಸುತ್ತಿಲ್ಲ’ ಎಂದು ಅವರು ಹೇಳುತ್ತಿದ್ದರೆ ಎರಡನೆಯ ಸಂಖ್ಯೆ ನೋಡಿ. ಮನೆಯ ನಾಲ್ಕು ಮೊಬೈಲ್‌ಗಳು ಮದುವೆಯ ಫೋಟೋಗಳನ್ನೆಲ್ಲ ತಾವಾಗಿಯೇ ಬ್ಯಾಕಪ್ ಮಾಡುತ್ತಿದ್ದರೆ ಅದು ತುಂಬಿಹೋಗಿರುತ್ತದೆ. ಬ್ಯಾಕಪ್ ರಾತ್ರಿಗೆ ಇಡಿ. ಹಾಗೆಯೇ, ಕರೆ ತುಂಡಾಗುವ ತಪ್ಪು ಎಲ್ಲಾ ಸಲ ನಮ್ಮದೇ ಆಗಿರಬೇಕೆಂದಿಲ್ಲ. ಹತ್ತು ಹನ್ನೆರಡು ಮಂದಿ ಮಲಗುವ ಅಲ್ಲಿನ ರೂಮಿನಲ್ಲೂ ಒಂದೇ ವೈಫೈ ಇರುತ್ತದೆ, ಎಲ್ಲರೂ ಮನೆಗೆ ಫೋನ್ ಮಾಡುವ ಹೊತ್ತೂ ಒಂದೇ.

ಗೋಡೆ, ಕಪಾಟು, ನೀರು

ವೈಫೈ ಎಂಬುದು ರೇಡಿಯೋ ತರಂಗ. ಬೆಳಕಿನ ಬಂಧುವೇ. ಕರೆಂಟ್ ಹೋಗುವುದೇ ಹೆಚ್ಚಾಗಿದ್ದ ಕಾಲದಲ್ಲಿ ನಮ್ಮ ತಾಯಂದಿರು ಇದ್ದ ಒಂದು ಚಿಮಿಣಿ ದೀಪವನ್ನು ಮೂಲೆಯಲ್ಲಿಡುತ್ತಿರಲಿಲ್ಲ. ಎರಡು ಕೋಣೆಗೂ ಬೆಳಕು ಬೀಳುವಂತೆ ನಡುವಿನ ಬಾಗಿಲ ಬಳಿ, ಸ್ವಲ್ಪ ಎತ್ತರದಲ್ಲಿ ತೂಗು ಹಾಕುತ್ತಿದ್ದರು. ರೂಟರ್ ಇಡಬೇಕಾದ ಜಾಗದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಕಂಪೆನಿಯ ಪುಸ್ತಿಕೆಯಲ್ಲೂ ಇಲ್ಲ. ದೂರ ಎರಡು ಪಟ್ಟಾದರೆ ತರಂಗದ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದೂ ತೆರೆದ ಬಯಲಿನಲ್ಲಿ. ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ.

ಕರಾವಳಿಯ ನಮ್ಮ ಮನೆಗಳದ್ದು ಕೆಂಪುಕಲ್ಲಿನ ದಪ್ಪ ಗೋಡೆ. ಸೆಕೆಗೆ ಒಳ್ಳೆಯದು, ವೈಫೈಗೆ ಅಲ್ಲ. ಮಳೆಗಾಲದಲ್ಲಿ ಅದೇ ಗೋಡೆ ನೀರು ಕುಡಿದು ತೇವವಾದಾಗ ತರಂಗವನ್ನು ಇನ್ನಷ್ಟು ಹೀರುತ್ತದೆ. ಬೇಸಿಗೆಯಲ್ಲಿ ಹಿಂದಿನ ಕೋಣೆಗೆ ಹೇಗೋ ಬರುತ್ತಿದ್ದ ಸಿಗ್ನಲ್ ಜುಲೈಯಲ್ಲಿ ಬರುತ್ತಿಲ್ಲ ಎಂದರೆ ಇದೂ ಕಾರಣವಾಗಿರಬಹುದು. ತಾರಸಿ ಮನೆಗಳಲ್ಲಿ ಸ್ಲ್ಯಾಬ್‌ನೊಳಗಿನ ಕಬ್ಬಿಣದ ಸರಳುಗಳ ಬಲೆ ಮಹಡಿಗೆ ಅಡ್ಡ ನಿಲ್ಲುತ್ತದೆ. ಹಂಚಿನ ಮಾಡು, ಮರದ ಉಪ್ಪರಿಗೆ ಇರುವ ಹಳೆಯ ಮನೆಗಳಿಗೆ ಈ ಕಷ್ಟ ಕಡಿಮೆ.

ಗೋಡೆಗಿಂತ ದೊಡ್ಡ ಶತ್ರು ಲೋಹ. ಉಕ್ಕಿನ ಕಪಾಟಿನ ಹಿಂದೆ ಇರುವ ಕೋಣೆಗೆ ತರಂಗ ನೇರವಾಗಿ ಹೋಗಲಾರದು, ಅದಕ್ಕೆ ಬಡಿದು ಹಿಂದಿರುಗುತ್ತದೆ. ಆಳೆತ್ತರದ ಕನ್ನಡಿಯೂ ಹಾಗೆಯೇ, ಅದರ ಬೆನ್ನಿನಲ್ಲಿ ಲೋಹದ ಲೇಪ ಇದೆ. ಫ್ರಿಡ್ಜ್, ಟೀವಿಯ ಬೆನ್ನು, ಅಡುಗೆಕೋಣೆಯ ಸ್ಟೀಲ್ ಡಬ್ಬಿಗಳ ಸಾಲು, ಎಲ್ಲವೂ ಅದೇ ಜಾತಿ. ನೀರು ತರಂಗವನ್ನು ಹೀರಿಕೊಳ್ಳುವುದರಿಂದ ಮೀನಿನ ತೊಟ್ಟಿ, ನೀರಿನ ಡ್ರಮ್ ಕೂಡ ಅಡ್ಡಿ. ಕೆಲವರು ಚಂದಕ್ಕೆಂದು ಪೆಟ್ಟಿಗೆಯನ್ನು ಶೋಕೇಸ್‌ನೊಳಗೆ ಸ್ಟೀಲ್ ಲೋಟಗಳ ಹಿಂದೆ ಅಡಗಿಸುತ್ತಾರೆ. ಇನ್ನು ಕೆಲವರು ಧೂಳು ಕೂರದಿರಲೆಂದು ಕ್ರೋಶಾದಲ್ಲಿ ಹೆಣೆದ ಚಂದದ ಬಟ್ಟೆ ಹೊದಿಸುತ್ತಾರೆ. ಹೆಣೆದ ಕೈಗೆ ನೋವಾಗಬಾರದು, ಆದರೆ ಆ ಬಟ್ಟೆ ಟೀಪಾಯಿಗಿರಲಿ. ಬಟ್ಟೆ ಸಿಗ್ನಲನ್ನು ತಡೆಯುವುದಿಲ್ಲ ನಿಜ, ಆದರೆ ಪೆಟ್ಟಿಗೆಗೆ ಗಾಳಿಯಾಡದೆ ಬಿಸಿಯಾಗಿ ಅದು ಆಗಾಗ ತಾನೇ ನಿಂತು ಹೊರಡುತ್ತದೆ.

ಹಾಗಾದರೆ ಎಲ್ಲಿಡಬೇಕು? ಮನೆಯ ನಡುವಿನಲ್ಲಿ, ಬಾಗಿಲುಗಳ ಕಡೆಗೆ ಮುಖವಿರುವಂತೆ, ಆಳೆತ್ತರದಲ್ಲಿ, ಲೋಹದಿಂದ ದೂರ. ಮನೆಯ ನಕ್ಷೆ ಬರೆದು ಯಾರು ಎಲ್ಲಿ ಕುಳಿತು ಯಾವ ಹೊತ್ತಿಗೆ ನೆಟ್ ಬಳಸುತ್ತಾರೆ ಎಂದು ಗುರುತು ಹಾಕಿ. ಆ ಗುರುತುಗಳ ನಡುವಿನ ಜಾಗವೇ ರೂಟರಿನ ಜಾಗ. ಕಡ್ಡಿಯಂತಹ ಆಂಟೆನಾ ಇದ್ದರೆ ಅದರ ತರಂಗ ತುದಿಯಿಂದ ಚಿಮ್ಮುವುದಿಲ್ಲ, ಬದಿಗಳಿಗೆ ಹರಡುತ್ತದೆ. ಹಾಗಾಗಿ ಒಂದೇ ಅಂತಸ್ತಿನ ಮನೆಯಲ್ಲಿ ಆಂಟೆನಾಗಳನ್ನು ನೇರ ನಿಲ್ಲಿಸಿ. ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ ನೋಡಿ.

‘ತಂತಿ ಮುಂದಿನ ಕೋಣೆಗೆ ತಾನೇ ಬಂದಿರುವುದು, ಪೆಟ್ಟಿಗೆ ಹೇಗೆ ನಡುಮನೆಗೆ ತರುವುದು’ ಎಂದು ನೀವು ಕೇಳಬಹುದು. ಫೈಬರ್ ಎಳೆ ಗಾಜಿನದ್ದು, ಅದರೊಳಗೆ ಬೆಳಕು ಹರಿಯುತ್ತದೆ. ಅದನ್ನು ನಾವೇ ಕತ್ತರಿಸಿ ಜೋಡಿಸಲಾಗದು, ತಂತ್ರಜ್ಞರನ್ನು ಕರೆಯಬೇಕು. ಇನ್ನೊಂದು ಮೀಟರ್ ಹತ್ತು ಎಳೆಯಲು ಅವರು ಸ್ವಲ್ಪ ಹಣ ಕೇಳಿಯಾರು, ಕೊಡಬಹುದು. ಹೊಸ ಸಂಪರ್ಕ ತೆಗೆದುಕೊಳ್ಳುವವರಂತೂ ಮೊದಲ ದಿನವೇ ಜಾಗ ತೋರಿಸಿ ‘ಇಲ್ಲೇ ಹಾಕಿ’ ಎನ್ನಬೇಕು. ಆ ದಿನ ಮನೆಯಲ್ಲಿ ಗಂಡಸರಿಲ್ಲದಿದ್ದರೆ ನೀವೇ ಹೇಳಿ, ಸಂಕೋಚಪಡಬೇಡಿ. ಫೈಬರನ್ನು ಬಾಗಿಲ ಸಂದಿನಲ್ಲಿ ಒತ್ತುವುದು, ಮೂಲೆಯಲ್ಲಿ ಮಡಚುವುದು ಸಲ್ಲದು. ಸುತ್ತಿಡುವುದಾದರೆ ಅಂಗೈಯಗಲದ ಸುತ್ತು ಇರಲಿ. ಗಟ್ಟಿ ಮಡಚಿದಲ್ಲಿ ಬೆಳಕು ಸೋರಿಹೋಗುತ್ತದೆ. ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂದು ಬರೆದ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ಮಡಚಿದೆ, ಮರದ ಗೆಲ್ಲು ಬಿದ್ದಿದೆ, ಇಲ್ಲವೇ ಅಳಿಲು ಕಚ್ಚಿದೆ. ಆಗ ಪೆಟ್ಟಿಗೆಯನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ, ದೂರು ಕೊಡಬೇಕು.

ಎರಡು ಹೆಸರುಗಳ ಗುಟ್ಟು

ಮೊಬೈಲಿನಲ್ಲಿ ವೈಫೈ ಹುಡುಕುವಾಗ ನಮ್ಮ ಮನೆಯ ಹೆಸರೇ ಎರಡು ಸಲ ಕಾಣಿಸುವುದುಂಟು. ಒಂದರ ಕೊನೆಯಲ್ಲಿ ‘5ಜಿ’ ಎಂದಿರುತ್ತದೆ. ಸಿಮ್‌ನ 5ಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು 5 ಗಿಗಾಹರ್ಟ್ಸ್ ತರಂಗ, ಇನ್ನೊಂದು 2.4 ಗಿಗಾಹರ್ಟ್ಸ್. 2.4ರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5ರದ್ದು ಸುಮಾರು 6. ಉದ್ದದ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಗಿಡ್ಡ ಅಲೆ ವೇಗವಾಗಿದೆ, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತದೆ. ಪೆಟ್ಟಿಗೆ ಇರುವ ಕೋಣೆ ಮತ್ತು ಪಕ್ಕದ ಕೋಣೆಯಲ್ಲಿ 5ನ್ನು, ದೂರದ ಕೋಣೆಯಲ್ಲಿ 2.4ನ್ನು ಆರಿಸಿಕೊಳ್ಳಿ. ಟೀವಿ ಪೆಟ್ಟಿಗೆಯ ಪಕ್ಕದಲ್ಲೇ ಇದ್ದರೆ ಅದಕ್ಕೆ ವೈಫೈ ಯಾಕೆ? ಒಂದು ಲ್ಯಾನ್ ಕೇಬಲ್ ಚುಚ್ಚಿಬಿಡಿ, ಗಾಳಿಯ ಹಾದಿ ಉಳಿದವರಿಗೆ ಖಾಲಿಯಾಗುತ್ತದೆ.

2.4ಕ್ಕೆ ಇನ್ನೊಂದು ಕಷ್ಟವಿದೆ, ಜನಸಂದಣಿ. 2005ರಲ್ಲಿ ಕೇಂದ್ರ ಸರಕಾರ ಈ ತರಂಗಕ್ಕೆ ಲೈಸನ್ಸ್ ಬೇಕಿಲ್ಲವೆಂದು ಮಾಡಿದ ಮೇಲೆ ಎಲ್ಲರ ಉಪಕರಣಗಳೂ ಅಲ್ಲೇ ಬಂದು ಕುಳಿತಿವೆ. ಬ್ಲೂಟೂತ್ ಅದರಲ್ಲೇ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೂಡ ಸುಮಾರು 2.45ರಲ್ಲೇ ಕೆಲಸ ಮಾಡುತ್ತದೆ. ಒಲೆಯಿಂದ ಸೋರುವ ಅಲ್ಪ ತರಂಗವೇ ವೈಫೈಯನ್ನು ಕೆಡಿಸಲು ಸಾಕು. ಅನ್ನ ಬಿಸಿ ಮಾಡುವಾಗಲೇ ಕರೆ ತುಂಡಾಗುತ್ತದೆ ಎಂದು ಯಾರಾದರೂ ಹೇಳಿದರೆ ನಗಬೇಡಿ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ನೆರೆಮನೆಗಳ ರೂಟರ್‌ಗಳದ್ದೇ ದೊಡ್ಡ ಉಪದ್ರವ. ಈ ತರಂಗದಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳಿರುವುದು ಮೂರೇ, 1, 6 ಮತ್ತು 11. ಇಪ್ಪತ್ತು ಮನೆಗಳು ಈ ಮೂರನ್ನೇ ಹಂಚಿಕೊಳ್ಳಬೇಕು. ರೂಟರ್‌ನ ಸೆಟ್ಟಿಂಗ್‌ನಲ್ಲಿ ಚಾನೆಲ್ ಬದಲಾಯಿಸಿ ನೋಡಬಹುದು. ಅದಕ್ಕಿಂತ ಒಳ್ಳೆಯದು, ಅಪಾರ್ಟ್‌ಮೆಂಟಿನಲ್ಲಿ ಆದಷ್ಟು 5ನ್ನೇ ಬಳಸುವುದು.

ಹಳೆಯ ಪೆಟ್ಟಿಗೆಗಳಲ್ಲಿ 2.4 ಮಾತ್ರ ಇರುತ್ತದೆ. ಅದರಲ್ಲಿ ಸಾಮಾನ್ಯ ಮೊಬೈಲಿಗೆ, ಒಂದೇ ಆಂಟೆನಾ ಲೆಕ್ಕದಲ್ಲಿ, ಕಾಗದದ ಮೇಲೆ ಸಿಗುವ ಗರಿಷ್ಠ ವೇಗವೇ 72 ಎಂಬಿಪಿಎಸ್, ನಿಜವಾಗಿ ಕೈಗೆ ಬರುವುದು ಅದರ ಅರ್ಧ. ಅಂತಹ ಪೆಟ್ಟಿಗೆ ಇಟ್ಟುಕೊಂಡು 200ರ ಪ್ಲಾನ್‌ಗೆ ಹಣ ಕಟ್ಟುವ ಮನೆಗಳಿವೆ. ಹೊಸದು ಕೊಳ್ಳುವವರು ‘ಡ್ಯುಯಲ್ ಬ್ಯಾಂಡ್’ ಎಂದು ಬರೆದಿದೆಯೇ, ತಂತಿ ಚುಚ್ಚುವ ಕಿಂಡಿಗಳು ‘ಗಿಗಾಬಿಟ್’ ಆಗಿವೆಯೇ ಎಂದು ಕೇಳಿ ತೆಗೆದುಕೊಳ್ಳಲಿ. ‘ವೈಫೈ 6’ ಸಿಕ್ಕಿದರೆ ಒಳ್ಳೆಯದು, ಒಂದೇ ಹೊತ್ತಿಗೆ ಹಲವರು ಬಳಸುವಾಗ ಅದು ಚೆನ್ನಾಗಿ ನಿಭಾಯಿಸುತ್ತದೆ. ಅಷ್ಟು ಸಾಕು. ಎಂಟು ಆಂಟೆನಾಗಳ ಜೇಡನಂತಹ ಪೆಟ್ಟಿಗೆ ತೋರಿಸಿ ಅಂಗಡಿಯವನು ಹೇಳುವ ಉಳಿದ ಕಥೆಗೆ ಕಿವಿಗೊಡಬೇಕಿಲ್ಲ.

ಮಹಡಿಗೆ ಒಯ್ಯುವ ಬಗೆ

ದೊಡ್ಡ ಮನೆಗೆ ಒಂದು ಪೆಟ್ಟಿಗೆ ಎಷ್ಟು ಒಳ್ಳೆಯ ಜಾಗದಲ್ಲಿಟ್ಟರೂ ಸಾಲದು. ಆಗ ಹೆಚ್ಚಿನವರು ಕೊಳ್ಳುವುದು ‘ರಿಪೀಟರ್’ ಎಂಬ ಸಣ್ಣ ಯಂತ್ರ. ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಚುಚ್ಚುತ್ತಾರೆ. ಸರಿಯಾಗಿ ಕೇಳಿಸದವನು ಬೇರೆಯವರಿಗೆ ಏನು ಹೇಳಿಯಾನು? ಅದನ್ನು ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಗಟ್ಟಿಯಿರುವಲ್ಲಿ ಇಡಬೇಕು. ಅಲ್ಲಿಟ್ಟರೂ, ಒಂದೇ ತರಂಗದಲ್ಲಿ ಕೇಳಿ ಅದರಲ್ಲೇ ಮರಳಿ ಹೇಳುವ ಅಗ್ಗದ ರಿಪೀಟರ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಎರಡು ಮೂರು ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಿಕೊಂಡು ಇಡೀ ಮನೆಗೆ ಒಂದೇ ಹೆಸರಿನಲ್ಲಿ ಹರಡುವ ‘ಮೆಶ್’ ಇದಕ್ಕಿಂತ ಉತ್ತಮ, ಬೆಲೆಯೂ ಹೆಚ್ಚು.

ನನ್ನ ಅಭಿಪ್ರಾಯದಲ್ಲಿ ಅತ್ಯುತ್ತಮ ದಾರಿ ಎಲ್ಲಕ್ಕಿಂತ ಹಳೆಯದು, ತಂತಿ. ಮುಖ್ಯ ಪೆಟ್ಟಿಗೆಯಿಂದ ಮಹಡಿಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲಿ ಎರಡನೆಯ ಪೆಟ್ಟಿಗೆ ಇಡುವುದು. ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದು ಕೇಳಿದರೆ ಇಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುತ್ತದೆ. 100 ಮೀಟರ್ ತನಕ ವೇಗ ಕುಂದದೆ ಒಯ್ಯುತ್ತದೆ. ನನಗೆ ಗೊತ್ತಿರುವ ಮನೆಯೊಂದರಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ದಿನವೂ ಮೆಟ್ಟಿಲ ನಡುವೆ ಕುಳಿತು ಪಾಠದ ವೀಡಿಯೋ ನೋಡುತ್ತಿದ್ದಳು. ಹತ್ತುವವರು ಇಳಿಯುವವರೆಲ್ಲ ಅವಳನ್ನು ಎಬ್ಬಿಸಿಯೇ ಹೋಗಬೇಕು. ಮನೆಯವರು ಪ್ಲಾನನ್ನು 40ರಿಂದ 100ಕ್ಕೆ ಏರಿಸಿದ್ದರು. ಅಳೆದು ನೋಡಿದರೆ ಪೆಟ್ಟಿಗೆಯ ಬಳಿ 92, ಮೆಟ್ಟಿಲಲ್ಲಿ 11, ಅವಳ ಕೋಣೆಯಲ್ಲಿ 1. ಅದೇ ಮನೆಯ ಕಪಾಟಿನಲ್ಲಿ ಹಿಂದಿನ ಕಂಪೆನಿಯ ಹಳೆಯ ರೂಟರ್ ಧೂಳು ತಿನ್ನುತ್ತಿತ್ತು. ಹೊರಗೋಡೆಯ ಪೈಪಿನ ಪಕ್ಕದಲ್ಲಿ 18 ಮೀಟರ್ ಕೇಬಲ್ ಹಾಯಿಸಿ ಅದನ್ನು ಮಹಡಿಯಲ್ಲಿ ಜೋಡಿಸಲಾಯಿತು. ಈಗ ಅವಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡರೂ 35 ಸಿಗುತ್ತದೆ. ಪ್ಲಾನನ್ನು ಮರಳಿ 40ಕ್ಕೆ ಇಳಿಸಿದರು. ಮೊದಲ ತಿಂಗಳಲ್ಲೇ ಕೇಬಲ್‌ನ ಖರ್ಚಿನ ದೊಡ್ಡ ಭಾಗ ಬಿಲ್ಲಿನಲ್ಲಿ ಉಳಿಯಿತು.

ಹಳೆಯ ರೂಟರನ್ನು ಹೀಗೆ ಬಳಸುವಾಗ ಅದರ ಸೆಟ್ಟಿಂಗ್‌ನಲ್ಲಿ ‘ಆ್ಯಕ್ಸೆಸ್ ಪಾಯಿಂಟ್’ ಎಂಬುದನ್ನು ಆರಿಸಬೇಕು. ಆ ಆಯ್ಕೆ ಇಲ್ಲದಿದ್ದರೆ ‘ಡಿಎಚ್‌ಸಿಪಿ’ ಎಂಬುದನ್ನು ಬಂದ್ ಮಾಡಿ, ರೂಟರಿನ ವಿಳಾಸ ಮುಖ್ಯ ಪೆಟ್ಟಿಗೆಯ ವಿಳಾಸಕ್ಕೆ ತಾಗದಂತೆ ಬದಲಾಯಿಸಿ, ಕೇಬಲನ್ನು ‘ಲ್ಯಾನ್’ ಕಿಂಡಿಗೆ ಚುಚ್ಚಬೇಕು. ಇಲ್ಲವಾದರೆ ಎರಡು ಪೆಟ್ಟಿಗೆಗಳೂ ಮೊಬೈಲ್‌ಗಳಿಗೆ ವಿಳಾಸ ಹಂಚಲು ಜಗಳವಾಡುತ್ತವೆ. ಪಿಯುಸಿಗೆ ಹೋಗುವ ಮಗಳೋ ಮಗನೋ ಇದ್ದರೆ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಪಕ್ಕದಲ್ಲಿ ಕುಳಿತು ನೋಡಿ ಕಲಿತುಕೊಳ್ಳಿ.

ಸಿಡಿಲು ಮತ್ತು ಕರೆಂಟು

ನಮ್ಮ ಕಡೆ ಎಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆಗಳಲ್ಲಿ ಸಿಡಿಲಿನ ಅಬ್ಬರ. ಫೈಬರ್‌ನ ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಹಿಂದಿನ ತಾಮ್ರದ ಫೋನ್ ತಂತಿಯಷ್ಟು ಭಯವಿಲ್ಲ ಎಂಬುದು ಸರಿ. ಆದರೆ ಕೆಲವು ಫೈಬರ್ ಕೇಬಲ್‌ಗಳಲ್ಲಿ ಆಸರೆಗೆಂದು ಉಕ್ಕಿನ ತಂತಿಯೂ ಇರುತ್ತದೆ. ಅಲ್ಲದೆ ಪೆಟ್ಟಿಗೆಯ ಅಡಾಪ್ಟರ್ ಚುಚ್ಚಿರುವುದು ಮನೆಯ ಕರೆಂಟಿಗೆ, ಸಿಡಿಲಿನ ಪೆಟ್ಟು ಅಲ್ಲಿಂದಲೂ ಬರುತ್ತದೆ. ಗುಡುಗು ದೂರದಲ್ಲಿ ಕೇಳಿಸತೊಡಗಿದಾಗಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮಹಡಿಗೆ ಎಳೆದ ಲ್ಯಾನ್ ಕೇಬಲ್ ತಾಮ್ರದ್ದು. ಅದು ಮನೆಯ ಹೊರಗಿನಿಂದ ಹೋಗಿದ್ದರೆ ಅದನ್ನೂ ಎರಡೂ ಕಡೆ ಕೀಳಬೇಕು. ಸಾಧ್ಯವಿದ್ದರೆ ಒಳಗಿನಿಂದಲೇ ಎಳೆಯುವುದು ಮೇಲು.

ಕರೆಂಟ್ ಹೋದಾಗ ಇನ್ವರ್ಟರ್ ಇಲ್ಲದ ಮನೆಗಳಲ್ಲಿ ವೈಫೈಯೂ ಹೋಗುತ್ತದೆ. ರೂಟರ್‌ಗೆಂದೇ ಅಂಗೈಯಗಲದ ಮಿನಿ ಯುಪಿಎಸ್ ಬಂದಿದೆ, ಬೆಲೆ ಸಾವಿರದಿಂದ ಎರಡು ಸಾವಿರದ ಒಳಗೆ. ಕೆಲವು ಗಂಟೆ ನಡೆಸುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ. ಹೆಚ್ಚಿನವು 12 ವೋಲ್ಟಿನವು, ಕೆಲವು 9. ವೋಲ್ಟ್ ಸರಿಯಾಗಿ ಹೊಂದಲೇಬೇಕು, 9ರ ಪೆಟ್ಟಿಗೆಗೆ 12 ಕೊಟ್ಟರೆ ಸುಟ್ಟೀತು. ಆಂಪಿಯರ್ ಪೆಟ್ಟಿಗೆ ಕೇಳುವಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು.

ಪಾಸ್‌ವರ್ಡ್ ಯಾರ ಕೈಯಲ್ಲಿದೆ?

ವೇಗ ಕುಂದಲು ಇನ್ನೊಂದು ಕಾರಣ ನಮಗೆ ಗೊತ್ತಿಲ್ಲದ ಪಾಲುದಾರರು. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ, ಬಂದವರಿಗೆಲ್ಲ ಹೇಳಿದ ಮೇಲೆ ಅದು ಪಾಸ್‌ವರ್ಡ್ ಆಗಿ ಉಳಿಯುವುದಿಲ್ಲ. ಇದರಲ್ಲಿ ವೇಗಕ್ಕಿಂತ ದೊಡ್ಡ ಅಪಾಯವೂ ಇದೆ. 2008ರ ಜುಲೈಯಲ್ಲಿ ಅಹ್ಮದಾಬಾದ್ ಸ್ಫೋಟಗಳ ಹೊತ್ತಿಗೆ ಬಂದ ಬೆದರಿಕೆಯ ಇಮೇಲ್ ನವಿ ಮುಂಬಯಿಯ ಮನೆಯೊಂದರ ವೈಫೈ ಮೂಲಕ ಹೋಗಿತ್ತು. ಆ ಮನೆಯಲ್ಲಿದ್ದವರಿಗೂ ಅದಕ್ಕೂ ಸಂಬಂಧವಿರಲಿಲ್ಲ, ಆದರೂ ಪೊಲೀಸರು ಮೊದಲು ಬಂದು ನಿಂತದ್ದು ಅವರ ಬಾಗಿಲಿಗೆ. ನಮ್ಮ ಮನೆಯ ವೈಫೈಯಿಂದ ಯಾರು ಏನು ಕಳುಹಿಸಿದರೂ ತನಿಖೆ ಆರಂಭವಾಗುವುದು ನಮ್ಮ ಹೆಸರಿನಿಂದಲೇ. ಆದುದರಿಂದ ಹನ್ನೆರಡು ಅಕ್ಷರಗಳಿಗೆ ಕಡಿಮೆಯಿಲ್ಲದ ಪಾಸ್‌ವರ್ಡ್ ಇಡಿ. ಸುರಕ್ಷತೆಯ ಸೆಟ್ಟಿಂಗ್ ‘ಡಬ್ಲ್ಯುಪಿಎ2’ ಅಥವಾ ‘ಡಬ್ಲ್ಯುಪಿಎ3’ ಇರಲಿ. ನೆಂಟರಿಷ್ಟರಿಗೆ ಇಲ್ಲವೆನ್ನಲು ಮುಜುಗರವಾದರೆ ಈಗಿನ ಹೆಚ್ಚಿನ ಪೆಟ್ಟಿಗೆಗಳಲ್ಲಿ ‘ಗೆಸ್ಟ್’ ಎಂಬ ಬೇರೆ ಹೆಸರು ತೆರೆಯುವ ಅನುಕೂಲವಿದೆ. ಮದುವೆ, ಹಬ್ಬ ಮುಗಿದ ಮೇಲೆ ಅದನ್ನು ಮುಚ್ಚಿದರಾಯಿತು. ರೂಟರ್‌ನ ಒಳಗಿನ ಸೆಟ್ಟಿಂಗ್ ತೆರೆಯಲು ಬೇರೆಯೇ ಪಾಸ್‌ವರ್ಡ್ ಇದೆ. ಅದು ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿರುತ್ತದೆ, ಅದನ್ನೂ ಬದಲಾಯಿಸಿ. ಎರಡನ್ನೂ ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಲ್ಲ, ಪಾಸ್‌ಬುಕ್‌ಗಳಿರುವ ಜಾಗದಲ್ಲಿ ಬರೆದಿಡಿ.

ಕೊನೆಗೆ ದೂರಿನ ವಿಷಯ. ನಮ್ಮಲ್ಲಿ ಎಷ್ಟೋ ಸಂಪರ್ಕಗಳು ಗಲ್ಫಿನಲ್ಲಿರುವ ಯಜಮಾನರ ಹೆಸರಿನಲ್ಲಿ, ಅವರ ಊರಿನ ನಂಬರಿಗೆ ನೋಂದಣಿಯಾಗಿವೆ. ಆ ಸಿಮ್ ರೀಚಾರ್ಜ್ ಇಲ್ಲದೆ ಎಲ್ಲೋ ಸತ್ತು ಬಿದ್ದಿರುತ್ತದೆ. ಮನೆಯಿಂದ ದೂರು ಕೊಡಲು ಹೊರಟರೆ ‘ನೋಂದಾಯಿತ ನಂಬರಿಗೆ ಬಂದ ಓಟಿಪಿ ಹೇಳಿ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ವಾರಗಟ್ಟಲೆ ಕೆಂಪು ದೀಪ ನೋಡುತ್ತಾ ಕುಳಿತ ಮನೆಗಳಿವೆ. ಮುಂದಿನ ಸಲ ಯಜಮಾನರು ರಜೆಯಲ್ಲಿ ಬಂದಾಗ ಕಂಪೆನಿಯ ಕಚೇರಿಗೆ ಜತೆಯಾಗಿ ಹೋಗಿ ನಿಮ್ಮ ಕೈಯಲ್ಲಿರುವ ನಂಬರನ್ನು ನೋಂದಾಯಿಸಿ. ದೂರು ಕೊಟ್ಟಾಗಲೆಲ್ಲ ಡಾಕೆಟ್ ನಂಬರ್ ಕೇಳಿ, ತಾರೀಕಿನೊಂದಿಗೆ ಬರೆದಿಡಿ. ‘ಹುಡುಗನನ್ನು ಕಳುಹಿಸುತ್ತೇವೆ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ದೂರು ಪರಿಹಾರವಾಗದಿದ್ದರೆ ಟ್ರಾಯ್‌ನ 2012ರ ನಿಯಮದಂತೆ ಪ್ರತಿಯೊಂದು ಕಂಪೆನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕು. ಅಲ್ಲಿ ಮೇಲ್ಮನವಿಗೆ ಶುಲ್ಕವಿಲ್ಲ, ಆದರೆ ಆ ಡಾಕೆಟ್ ನಂಬರ್ ಬೇಕೇ ಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಆಗ ನೀವು ಬರೆದಿಟ್ಟ ಚೀಟಿ, ಅಂದರೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಅಳೆದ ಸಂಖ್ಯೆಗಳು ಮತ್ತು ತಾರೀಕುಗಳು, ಕೈಯಲ್ಲಿರಲಿ.